ಒಡೆದರೆ ಒಂದು ಲೆಕ್ಕ, ಜಿನುಗಿದರೆ ಇನ್ನೊಂದು ಲೆಕ್ಕ

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಮೂರನೇ ಮಹಡಿಯ ಫ್ಲಾಟ್. ಮದುವೆಗೆಂದು ಊರಿಗೆ ಹೋಗಿದ್ದಾಗ ಗೀಸರ್‌ಗೆ ಹೋಗುವ ಪೈಪ್ ಬಿರುಕು ಬಿಟ್ಟು ಮನೆಯೆಲ್ಲ ನೀರು. ಕೆಳಗಿನ ಮನೆಯವರು ಫೋನ್ ಮಾಡಿದ ಮೇಲೇ ಗೊತ್ತಾಗಿದ್ದು. ಬೆಡ್‌ರೂಮಿನ ಮರದ ಫ್ಲೋರಿಂಗ್ ಉಬ್ಬಿದೆ, ವಾರ್ಡ್‌ರೋಬಿನ ಕೆಳಭಾಗ ಹಾಳಾಗಿದೆ. ರಿಪೇರಿಗೆ ಲಕ್ಷದ ಮೇಲೆ ಹೇಳುತ್ತಿದ್ದಾರೆ. ಕೆಳಗಿನವರು ತಮ್ಮ ಫಾಲ್ಸ್ ಸೀಲಿಂಗ್ ದುಡ್ಡೂ ಕೇಳುತ್ತಿದ್ದಾರೆ. ಹೋಮ್ ಲೋನ್ ತಗೊಂಡಾಗ ಬ್ಯಾಂಕಿನವರು ಮಾಡಿಸಿದ ಪಾಲಿಸಿ ಒಂದಿದೆ. ಕ್ಲೇಮ್ ಮಾಡಿದರೆ ಪ್ರೀಮಿಯಂ ಏರುತ್ತದೆ, ಕೈಯಿಂದಲೇ ಹಾಕೋಣ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಕ್ಲೇಮ್ ಮಾಡಿ. ಆದರೆ ಅದಕ್ಕೂ ಮುಂಚೆ ಆ ಪಾಲಿಸಿ ಹೊರಗೆ ತೆಗೆದು ನೋಡಿ, ಅದು ಮನೆಯದ್ದೋ ನಿಮ್ಮದೋ ಅಂತ. ಸಾಲದ ಜೊತೆ ಬ್ಯಾಂಕಿನವರು ಎಷ್ಟೋ ಸಲ ಮಾಡಿಸುವುದು ಸಾಲಗಾರರ ಜೀವವಿಮೆ. ಸಾಲ ತಗೊಂಡವರು ತೀರಿಕೊಂಡರೆ ಸಾಲ ಚುಕ್ತಾ ಆಗುತ್ತದೆ, ಅಷ್ಟೇ. ಪೈಪ್ ಒಡೆದರೆ ಅದರಿಂದ ಒಂದು ಪೈಸೆಯೂ ಬರಲ್ಲ.

ಮನೆಯದ್ದೇ ಆಗಿದ್ದು, 2021ರ ಏಪ್ರಿಲ್ ಆದಮೇಲೆ ಮಾಡಿಸಿದ್ದಾದರೆ ಬಹುಮಟ್ಟಿಗೆ ಅದು 'ಭಾರತ್ ಗೃಹ ರಕ್ಷಾ' ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ನಮೂನೆಯಲ್ಲಿ ಮಾರಲು ಹೇಳಿದ ಪಾಲಿಸಿ ಇದು. ಬೆಂಕಿ, ಪ್ರವಾಹ, ಭೂಕಂಪದ ಜೊತೆಗೆ ನೀರಿನ ಟ್ಯಾಂಕ್, ಪೈಪ್ ಒಡೆಯುವುದು, ತುಂಬಿ ಹರಿಯುವುದು ಕೂಡ ಅದರ ಪಟ್ಟಿಯಲ್ಲಿದೆ. ನಿಮ್ಮ ಕೇಸು ಸರಿಯಾಗಿ ಅದೇ.

ಈಗ ಬ್ಯಾಂಕ್ ಪಾಲಿಸಿಯ ಇನ್ನೊಂದು ವಿಷಯ. ತುಂಬಾ ಜನ 'ಕಟ್ಟಡಕ್ಕೆ ಮಾತ್ರ' ಅಂತ ಬರೆದಿರುವುದನ್ನು ನೋಡಿ, ಅಯ್ಯೋ ನಮ್ಮ ವಾರ್ಡ್‌ರೋಬಿಗೆ ಇಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗಲ್ಲ. ಗೋಡೆಗೋ ನೆಲಕ್ಕೋ ಕಾಯಂ ಆಗಿ ಕೂರಿಸಿದ್ದು ಕಟ್ಟಡದ ಲೆಕ್ಕಕ್ಕೇ ಬರುತ್ತದೆ. ನಿಮ್ಮ ಫ್ಲೋರಿಂಗ್, ಬಡಗಿ ಗೋಡೆಗೆ ಬಿಗಿದು ಮಾಡಿಕೊಟ್ಟ ವಾರ್ಡ್‌ರೋಬ್ ಎರಡೂ ಅದೇ. ಎತ್ತಿ ಪಕ್ಕಕ್ಕಿಡಬಹುದಾದ ಮಂಚ, ಟಿವಿ, ಬೀರು ಮನೆ ಸಾಮಾನಿನ ಲೆಕ್ಕ. ಈ ವ್ಯತ್ಯಾಸವನ್ನು ನಷ್ಟ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ತಾನಾಗಿ ಹೇಳಲಿಕ್ಕಿಲ್ಲ, ನೀವೇ ಎತ್ತಬೇಕು. ಮತ್ತೆ, ಮನೆ ಅಡಮಾನದಲ್ಲಿ ಇರುವುದರಿಂದ ಕಟ್ಟಡದ ಹಣ ಬ್ಯಾಂಕಿನ ಮೂಲಕ ಬರುವ ಷರತ್ತು ಇರಬಹುದು. ಬ್ರಾಂಚಿಗೆ ಈಗಲೇ ಒಂದು ಮೇಲ್ ಹಾಕಿಡಿ.

ಕೆಲಸ ಇವತ್ತೇ ಶುರು ಮಾಡಿ. ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ತಗೊಳ್ಳಿ. ನೀರು ಒರೆಸಿ, ಪೈಪ್ ಸರಿ ಮಾಡಿಸಿ, ಇದಕ್ಕೆ ಯಾರ ಅಪ್ಪಣೆಯೂ ಬೇಡ, ಹಾನಿ ಜಾಸ್ತಿ ಆಗದಂತೆ ನೋಡಿಕೊಳ್ಳುವುದು ಪಾಲಿಸಿಯ ಪ್ರಕಾರವೇ ನಿಮ್ಮ ಕರ್ತವ್ಯ. ಆದರೆ ಫ್ಲೋರಿಂಗ್ ಕಿತ್ತು ಹೊಸದು ಹಾಕಿಸುವುದು, ವಾರ್ಡ್‌ರೋಬ್ ಬಿಚ್ಚಿಸುವುದು ಸರ್ವೇಯರ್ ಬಂದು ನೋಡಿದ ಮೇಲೆ. ಪ್ಲಂಬರ್ ಕತ್ತರಿಸಿ ತೆಗೆದ ಬಿರುಕು ಬಿಟ್ಟ ಪೈಪಿನ ತುಂಡು ಇದೆಯಲ್ಲ, ಅದನ್ನು ಕವರಿನಲ್ಲಿ ಹಾಕಿ ಎತ್ತಿಡಿ. ಪೈಪ್ ಒಡೆದಿದ್ದೇ ಹೌದು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಪ್ಲಂಬರ್ ಬಿಲ್ಲಿನಲ್ಲಿ ಬರೀ 'ರಿಪೇರಿ' ಅಂತಲ್ಲ, ಯಾವ ಪೈಪು, ಎಲ್ಲಿ ಒಡೆದಿತ್ತು ಅಂತ ಬರೆಸಿ. ಸರ್ವೇಯರ್‌ಗೆ ಫೀಸ್ ಕೊಡಬೇಕಾಗಿಲ್ಲ, ಅದು ಕಂಪನಿ ಖರ್ಚು.

ನಿಮ್ಮ ಯಜಮಾನರು ಹೆದರುತ್ತಿರುವುದು ಕಾರಿನ ಇನ್ಶೂರೆನ್ಸ್ ಲೆಕ್ಕದಲ್ಲಿ ಅನ್ನಿಸುತ್ತೆ. ಅಲ್ಲಿ 20ರಿಂದ 50 ಪರ್ಸೆಂಟ್ ತನಕ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದಿದ್ದವರಿಗೆ ಪ್ರೀಮಿಯಂನಲ್ಲಿ ರಿಯಾಯಿತಿ, ಇರುತ್ತದೆ, ಸಣ್ಣ ಗೀಚಿಗೆ ಕ್ಲೇಮ್ ಮಾಡಿದರೆ ಅದು ಹೋಗುತ್ತದೆ, ಆ ಭಯ ಸರಿ. ಮನೆಯ ಪಾಲಿಸಿ ಎಷ್ಟೋ ಸಲ ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದಿರುತ್ತದೆ, ಕಟ್ಟಿದ ಪ್ರೀಮಿಯಂ ನಡುವೆ ಏರುವುದಾದರೂ ಹೇಗೆ? ಕ್ಲೇಮ್ ಕೊಟ್ಟ ಮೇಲೆ ವಿಮಾ ಮೊತ್ತವನ್ನು ಮತ್ತೆ ಮೊದಲಿನಷ್ಟೇ ಮಾಡಲು ಒಂದು ಸಣ್ಣ ಮೊತ್ತ ಹಿಡಿದುಕೊಳ್ಳಬಹುದು, ಅಷ್ಟೇ. ನೀವು ನೋಡಬೇಕಾದ್ದು 'ಎಕ್ಸೆಸ್' ಅನ್ನುವ ಸಾಲು, ಅಂದರೆ ನಿಮ್ಮ ಕೈಯಿಂದ ಹೋಗಬೇಕಾದ ಪಾಲು. ಬರೀ ಆಂಗಲ್ ಕಾಕ್ ಬದಲಾಯಿಸಿ ಒಂದು ಗೋಡೆಗೆ ಪೇಂಟ್ ಹೊಡೆಸುವ ಕೆಲಸವಾಗಿದ್ದರೆ ಬಿಟ್ಟುಬಿಡಿ ಅಂತ ನಾನೇ ಹೇಳುತ್ತಿದ್ದೆ. ಲಕ್ಷ ದಾಟಿದ ಮೇಲೆ ಬಿಡುವುದು ಔದಾರ್ಯವೂ ಅಲ್ಲ, ಉಳಿತಾಯವೂ ಅಲ್ಲ.

ಕೆಳಗಿನ ಮನೆಯ ಸೀಲಿಂಗ್ ಮಾತ್ರ ಬೇರೆ ಕಥೆ. ಈ ಪಾಲಿಸಿ ನಿಮ್ಮ ಆಸ್ತಿಗೆ. ಬೇರೆಯವರಿಗೆ ನಿಮ್ಮಿಂದಾದ ನಷ್ಟ ಇದರಲ್ಲಿ ಬರಲ್ಲ, ಅದಕ್ಕೆ ಹೊಣೆಗಾರಿಕೆಯ ಕವರ್ ಬೇರೆಯೇ ತಗೊಂಡಿರಬೇಕು. ಅವರ ಹತ್ತಿರ ತಮ್ಮದೇ ಪಾಲಿಸಿ ಇದೆಯಾ ಕೇಳಿ. ಇದ್ದರೆ ಅವರು ಅಲ್ಲಿ ಕ್ಲೇಮ್ ಮಾಡಲಿ. ಇಲ್ಲದಿದ್ದರೆ ಕೂತು ಮಾತಾಡಿ ಮುಗಿಸಿ, ಲಿಫ್ಟಿನಲ್ಲಿ ದಿನಾ ಮುಖ ನೋಡಬೇಕಲ್ವಾ. ಒಡೆದದ್ದು ನಿಮ್ಮ ಬಾತ್‌ರೂಮಿನ ಪೈಪಲ್ಲ, ಡಕ್ಟ್‌ನಲ್ಲಿ ಇಡೀ ಬಿಲ್ಡಿಂಗಿಗೆ ಹೋಗುವ ಪೈಪು ಅಂತಾದರೆ ಮಾತು ಅಸೋಸಿಯೇಷನ್ ಮುಂದೆ ಹೋಗಬೇಕು.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಇತ್ಯರ್ಥ ಮಾಡುವ ಅಧಿಕಾರಿ, ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲೇ ಇದೆ. 50 ಲಕ್ಷದವರೆಗಿನ ದೂರು ತಗೊಳ್ಳುತ್ತಾರೆ, ಫೀಸ್ ಇಲ್ಲ, ವಕೀಲರೂ ಬೇಡ.

ಪ್ರಶ್ನೆ: ನಮ್ಮ ಬಾತ್‌ರೂಮಿನ ಹಿಂದಿನ ಗೋಡೆ ಬಹಳ ದಿನದಿಂದ ತೇವ. 'ನಿನ್ನೆ ಪೈಪ್ ಒಡೆಯಿತು ಅಂತ ಬರೆದು ಕ್ಲೇಮ್ ಹಾಕಿ' ಅಂತಾರೆ ಪರಿಚಯದವರು. ಹಾಕಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ಸುಳ್ಳು ಅಂತ ಗೊತ್ತಾದರೆ ಕ್ಲೇಮ್ ಜೊತೆ ಪಾಲಿಸಿಯೂ ಹೋಗುತ್ತದೆ, ಮತ್ತು ಗೊತ್ತಾಗದೆ ಇರಲ್ಲ. ಹಳೇ ತೇವ ಗೋಡೆಯ ಮೇಲೆ ಒಂದರ ಹೊರಗೆ ಒಂದು ಕಂದು ಅಂಚು ಬಿಟ್ಟಿರುತ್ತದೆ, ಪೇಂಟ್ ಕೆರೆದರೆ ಬಿಳೀ ಉಪ್ಪು ಉದುರುತ್ತದೆ, ಮೂಲೆಯಲ್ಲಿ ಕಪ್ಪು ಬೂಷ್ಟು. ನಿನ್ನೆ ಒಡೆದ ಪೈಪಿನಿಂದ ಇದು ಯಾವುದೂ ಆಗಲ್ಲ. ನಿಧಾನಕ್ಕೆ ಜಿನುಗಿ ಆದ ಹಾನಿಯನ್ನು ಕಂಪನಿಗಳು ಸವೆತ, ನಿರ್ವಹಣೆಯ ಕೊರತೆ ಅಂತಲೇ ಹಿಡಿಯುತ್ತವೆ.

ನಿಮ್ಮ ದುಡ್ಡನ್ನು, ನೀರು ಎಲ್ಲಿ ಸೋರುತ್ತಿದೆ ಅಂತ ಹುಡುಕುವುದಕ್ಕೆ ಹಾಕಿ. ಮನೆಯ ನಲ್ಲಿಯೆಲ್ಲ ಬಂದ್ ಮಾಡಿ, ಓವರ್‌ಹೆಡ್ ಟ್ಯಾಂಕ್‌ಗೆ ನೀರು ಬರುವ ವಾಲ್ವ್ ಕೂಡ ಮುಚ್ಚಿ, ರಾತ್ರಿ ಟ್ಯಾಂಕ್ ಒಳಗೆ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಟ್ಯಾಂಕಿನಿಂದ ನಲ್ಲಿಗಳಿಗೆ ನೀರು ಬರುವ ಪೈಪಿನಲ್ಲೇ ಸೋರಿಕೆ. ಇಳಿದಿಲ್ಲ, ಆದರೆ ಸ್ನಾನ ಮಾಡಿದಾಗೆಲ್ಲ ತೇವ ಜಾಸ್ತಿ ಆಗುತ್ತದೆ ಅಂದರೆ ನಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಜಾಲರಿ) ಸುತ್ತ ಅಥವಾ ಟೈಲ್ಸ್ ಸಂದಿಯಲ್ಲಿ ನೀರು ಇಳಿಯುತ್ತಿದೆ. ಬಾತ್‌ರೂಮ್ ಪೂರ್ತಿ ಒಡೆಯಬೇಕು ಅಂತ ಬಂದ ತಕ್ಷಣ ಹೇಳುವ ಮೇಸ್ತ್ರಿಗೆ, ಮೊದಲು ಸಂದಿ ಕೆರೆದು, ನೀರು ಇಳಿಯದ ಎಪಾಕ್ಸಿ ಗ್ರೌಟ್ ತುಂಬಿ ನೋಡಿ ಅನ್ನಿ.

ಪ್ರಶ್ನೆ: ಬಾಡಿಗೆ ಮನೆ. ಟ್ಯಾಂಕ್ ತುಂಬಿ ಹರಿದು ನಮ್ಮ ಟಿವಿ, ಹಾಸಿಗೆ ಹಾಳಾಯಿತು. ಓನರ್ ಪಾಲಿಸಿಯಲ್ಲಿ ಸಿಗುತ್ತಾ?
– ಓದುಗರು, ಮೈಸೂರು

ಉತ್ತರ: ಇಲ್ಲ, ಅದು ಓನರ್ ಆಸ್ತಿಗೆ. ಬಾಡಿಗೆದಾರರು ಬರೀ ಮನೆ ಸಾಮಾನಿಗೆ ಅಂತಲೇ ಪಾಲಿಸಿ ಮಾಡಿಸಬಹುದು, ಮುಂದಕ್ಕೆ ಮಾಡಿಸಿಕೊಳ್ಳಿ. ಈ ಸಲದ್ದಕ್ಕೆ, ವಾಲ್ವ್ ಕೆಟ್ಟಿದೆ ಅಂತ ನೀವು ಓನರ್‌ಗೆ ಮೊದಲೇ ಮೆಸೇಜ್ ಹಾಕಿದ್ದರೆ ಅದನ್ನು ತೋರಿಸಿ ಕೇಳಿ. ಅಡ್ವಾನ್ಸ್‌ನಲ್ಲಿ ಗೋಡೆ ಪೇಂಟಿಂಗ್ ದುಡ್ಡು ಮುರಿದುಕೊಳ್ಳಲು ಬಂದರಂತೂ ಒಪ್ಪಬೇಡಿ.