ನ್ಯೂಜೆರ್ಸಿಯಲ್ಲಿ ಹೂಕೋಸು, ನವಿಲುಕೋಸಿನ ಸಸಿ ಮನೆಯೊಳಗೆ ಮಾಡಿದರೆ ಉದ್ದುದ್ದ ಬೆಳೆದು ಬಿದ್ದುಹೋಗುತ್ತವೆ, ಏನು ಮಾಡಲಿ?

ಬೆಳಕು ಸಾಲದೆ ಹಾಗಾಗುತ್ತದೆ. ಮಾರ್ಚ್ ತಿಂಗಳಲ್ಲಿ ಕಿಟಕಿ ಬಿಸಿಲನ್ನು ನಂಬಬೇಡಿ. ಸಾಧಾರಣ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ತುದಿಯಿಂದ 2–3 ಇಂಚು ಮೇಲೆ ತೂಗುಹಾಕಿ, ದಿನಕ್ಕೆ 14–16 ಗಂಟೆ ಉರಿಸಿ, ಸಸಿ ಬೆಳೆದ ಹಾಗೆ ಲೈಟನ್ನೂ ಮೇಲಕ್ಕೆ ಏರಿಸುತ್ತಾ ಹೋಗಿ. ಬೀಜ ಮೊಳೆಯಲು 20–24 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು ನಿಜ, ಆದರೆ ಮೊಳೆತ ಮೇಲೆ 15–18 ಡಿಗ್ರಿಯ ತಣ್ಣನೆ ಕೋಣೆಯೇ ಒಳ್ಳೆಯದು. ಹೀಟರ್ ಪಕ್ಕ ಇಡಲೇಬೇಡಿ.

ಬುಡ ಕೊಳೆತು ಬೀಳುತ್ತಿದ್ದರೆ ನೀರು ಜಾಸ್ತಿಯಾಗಿದೆ ಅಂತ ತಿಳಿಯಿರಿ. ಮಣ್ಣಿನ ಮೇಲ್ಭಾಗ ಒಣಗಿದ ಮೇಲಷ್ಟೇ ಟ್ರೇ ತಳದಿಂದ ನೀರು ಕೊಡಿ, ಗಾಳಿಯಾಡಲು ಬಿಡಿ.

ಅಲ್ಲಿ ಕೊನೆಯ ಹಿಮ (ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವಂಥದ್ದು) ಸಾಮಾನ್ಯವಾಗಿ ಏಪ್ರಿಲ್ ಕೊನೆಯ ಹೊತ್ತಿಗೆ ಬೀಳುತ್ತದೆ ಅಲ್ವಾ, ಹಾಗಾಗಿ ಮಾರ್ಚ್ ಮೊದಲ ವಾರಗಳಲ್ಲಿ ಬಿತ್ತಿ, ಏಪ್ರಿಲ್ ಮಧ್ಯದಲ್ಲಿ ನಾಟಿ ಮಾಡಬಹುದು, ಕೋಸಿನ ಜಾತಿ ಸಣ್ಣ ಹಿಮ ತಡೆಯುತ್ತದೆ. ಅದಕ್ಕೂ ಮೊದಲು ಒಂದು ವಾರ ಸಸಿಗಳನ್ನು ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿಲು, ಗಾಳಿಗೆ ಒಗ್ಗಿಸಿ. ಇದನ್ನು ಬಿಟ್ಟರೆ ಎಲೆ ಬಿಳಿಚಿ ಸುಟ್ಟುಹೋಗುತ್ತದೆ.

ಹೂಕೋಸಿನ ವಿಷಯದಲ್ಲಿ ತಡ ಮಾಡಲೇಬೇಡಿ. 6 ವಾರ ದಾಟಿ ಸಣ್ಣ ಕುಂಡದಲ್ಲೇ ಬೇರು ಸುತ್ತಿಕೊಂಡರೆ ಆಮೇಲೆ ಅಂಗಿಯ ಗುಂಡಿಯಷ್ಟು ಸಣ್ಣ ಹೂವು ಕಟ್ಟಿ ನಿಂತುಬಿಡುತ್ತದೆ, ಎಷ್ಟು ಗೊಬ್ಬರ ಸುರಿದರೂ ಸರಿಹೋಗುವುದಿಲ್ಲ. ಮೊದಲ ಸಲ ಅಂದರೆ ನವಿಲುಕೋಸೇ ಸುಲಭ, ಬೇಗ ಕೈಗೆ ಸಿಗುತ್ತದೆ. ಬಟಾಣಿ, ಮೂಲಂಗಿ, ಮೆಂತ್ಯಕ್ಕೆಲ್ಲ ಸಸಿ ಮಾಡುವ ಕಷ್ಟ ಬೇಡ, ನೇರ ಮಣ್ಣಿಗೇ ಬಿತ್ತಿ.