ಭಾರಿ ಜೂಮ್ ಕ್ಯಾಮೆರಾ ಸಾಕೇ, ಡಿಎಸ್‌ಎಲ್‌ಆರ್ ಬೇಕೇ?

ಪ್ರಶ್ನೆ: ನಾನು ಶಾಲಾ ಶಿಕ್ಷಕ. ತುಂಗಭದ್ರಾ ಹಿನ್ನೀರಿನ ಹಕ್ಕಿಗಳು, ದರೋಜಿಯ ಕರಡಿ, ಹಿರೇಬೆಣಕಲ್ಲಿನ ಕಲ್ಲುಮನೆಗಳು, ಕೊಪ್ಪಳ ಗವಿಮಠದ ಜಾತ್ರೆ ಇವಿಷ್ಟನ್ನು ತೆಗೆಯುವ ಆಸೆ. ಲೆನ್ಸ್ ಬಿಚ್ಚಲು ಬಾರದ ನಿಕಾನ್ ಪಿ950 ಕೊಳ್ಳಲೋ, ಲೆನ್ಸ್ ಬದಲಿಸಬಹುದಾದ, 18-55 ಮತ್ತು 70-300 ಮಿ.ಮೀ. ಲೆನ್ಸ್ ಇರುವ ಸೆಕೆಂಡ್ ಹ್ಯಾಂಡ್ ನಿಕಾನ್ ಡಿಎಸ್‌ಎಲ್‌ಆರ್ ಕೊಳ್ಳಲೋ? ಅಂಗಡಿಯವರು ಬರೀ ಮೆಗಾಪಿಕ್ಸೆಲ್ ಲೆಕ್ಕ ಹೇಳುತ್ತಾರೆ.
— ಓದುಗರು, ಗಂಗಾವತಿ

ಉತ್ತರ: ಮೆಗಾಪಿಕ್ಸೆಲ್ ಬದಿಗಿಡಿ. ಈ ನಾಲ್ಕನ್ನೂ ಚೆನ್ನಾಗಿ ತೆಗೆಯುವ ಒಂದೇ ಕ್ಯಾಮೆರಾ ನಿಮ್ಮ ಹಣಕ್ಕೆ ಸಿಗುವುದಿಲ್ಲ. ಯಾವುದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತದೆ ಎಂದು ಮೊದಲು ನೋಡಿಕೊಳ್ಳಿ.

ದೂರದ ವಿಷಯದಲ್ಲಿ ಪಿ950 ಮುಂದೆ, ಅದರಲ್ಲಿ ಅನುಮಾನವಿಲ್ಲ. ಅದರ ಜೂಮ್ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 24ರಿಂದ 2000 ಮಿ.ಮೀ. ಡಿಎಸ್‌ಎಲ್‌ಆರ್‌ನ 300 ಮಿ.ಮೀ. ಲೆನ್ಸ್ ಅದೇ ಲೆಕ್ಕದಲ್ಲಿ 450ಕ್ಕೆ ನಿಲ್ಲುತ್ತದೆ. ಹಿನ್ನೀರಿನ ಆಚೆ ದಡದಲ್ಲಿ ಕೂತ ಪಟ್ಟೆತಲೆ ಹೆಬ್ಬಾತನ್ನು ಪಿ950 ಫ್ರೇಮಿನ ತುಂಬ ತೋರಿಸುತ್ತದೆ. 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ಚಿತ್ರವನ್ನು ಅಷ್ಟೇ ಗಾತ್ರಕ್ಕೆ ಕತ್ತರಿಸಿದರೆ ಉಳಿಯುವುದು 1.2 ಮೆಗಾಪಿಕ್ಸೆಲ್. ವಾಟ್ಸಾಪಿಗೆ ಸಾಕು, ದೊಡ್ಡ ಪ್ರಿಂಟಿಗೆ ಆಗುವುದಿಲ್ಲ. ಆದರೆ ನಮ್ಮ ಕಡೆಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ಅಲೆಅಲೆಯಾಗಿ ಕುಣಿಯುತ್ತದೆ, ಹಕ್ಕಿಯ ಅಂಚು ಕದಡುತ್ತದೆ. ಅದು ಫೋಕಸ್ ತಪ್ಪಿದ್ದೂ ಅಲ್ಲ, ಕೈ ನಡುಗಿದ್ದೂ ಅಲ್ಲ. ಟ್ರೈಪಾಡ್ ಹಾಕಿದರೂ ಸರಿಹೋಗುವುದಿಲ್ಲ. ಬೇಸಿಗೆಯಲ್ಲಿ 2000 ಮಿ.ಮೀ. ನಿಜವಾಗಿ ಕೆಲಸಕ್ಕೆ ಬರುವುದು ಬೆಳಗಿನ ಮೊದಲ ಒಂದೆರಡು ತಾಸು ಮಾತ್ರ. ಹಾರುವ ಹಕ್ಕಿಗೆ ಡಿಎಸ್‌ಎಲ್‌ಆರ್ ಫೋಕಸೇ ಚುರುಕು. ಗದ್ದೆಯಿಂದ ಎದ್ದ ಬೆಳ್ಳಕ್ಕಿಯನ್ನು ಪಿ950ರ ಉದ್ದ ಜೂಮಿನಲ್ಲಿ ಹುಡುಕುವಷ್ಟರಲ್ಲಿ ಅದು ಫ್ರೇಮ್ ದಾಟಿರುತ್ತದೆ.

ಇನ್ನು ಬೆಳಕು. ಪಿ950ರ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಸುಮಾರು 6.2 × 4.6 ಮಿ.ಮೀ., ನಿಕಾನ್ ಡಿಎಸ್‌ಎಲ್‌ಆರ್‌ದು 23.5 × 15.6 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು. ಪೂರ್ತಿ ಜೂಮಿನಲ್ಲಿ ಪಿ950 ಲೆನ್ಸಿನ ಬಾಯಿ ತೆರೆಯುವುದು ಎಫ್/6.5 (ಈ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ನಿಮ್ಮ 70-300 ಎಫ್/6.3 ಅಥವಾ 5.6. ಲೆನ್ಸಿನಲ್ಲಿ ಅಂಥ ವ್ಯತ್ಯಾಸವಿಲ್ಲ, ಇರುವುದೆಲ್ಲ ಸೆನ್ಸರಿನಲ್ಲಿ. ದರೋಜಿಯಲ್ಲಿ ಕರಡಿಗಳು ಬಂಡೆಯ ಮೇಲೆ ಬರುವುದು ಸಂಜೆ, ಹಲವು ಸಲ ಹೊತ್ತು ಇಳಿದ ಮೇಲೆ. ಆಗ ಐಎಸ್‌ಒ 800ರಲ್ಲಿ (ಐಎಸ್‌ಒ ಹೆಚ್ಚಿಸಿದಷ್ಟೂ ಕಡಿಮೆ ಬೆಳಕು ಸಾಕು) ಶಟರ್ ವೇಗ 1/60 ಸೆಕೆಂಡ್ ಸಿಗುತ್ತಿದೆ ಎನ್ನಿ. ನಡೆಯುವ ಕರಡಿಗೆ ಅದು ಸಾಲದು. ಡಿಎಸ್‌ಎಲ್‌ಆರ್‌ನಲ್ಲಿ ಐಎಸ್‌ಒ 3200ಕ್ಕೆ ಹೋಗಿ 1/250 ಪಡೆಯಬಹುದು, ಚಿತ್ರವೂ ಉಳಿಯುತ್ತದೆ. ಪಿ950 ಅಲ್ಲಿಗೆ ಹೋದರೆ ಚಿತ್ರದಲ್ಲಿ ಏಳುವ ಕಾಳುಕಾಳನ್ನು (ನಾಯ್ಸ್) ಒರೆಸುವ ಭರದಲ್ಲಿ ಕೂದಲನ್ನೂ ಒರೆಸಿಹಾಕುತ್ತದೆ. ಕರಿ ತುಪ್ಪಳದ ಪ್ರಾಣಿಯಲ್ಲಿ ಇದು ಎದ್ದು ಕಾಣುತ್ತದೆ: ಮೂತಿಯ ಬಿಳುಪು, ಎದೆಯ ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಒಂದೇ ಕಪ್ಪು ಮುದ್ದೆ.

ಜಾತ್ರೆಗೂ ಇದೇ ಮಾತು. ತೇರು ಎಳೆಯುವುದು ಸಂಜೆ, ಆಮೇಲೆಲ್ಲ ವಿದ್ಯುತ್ ದೀಪ. 18-55ರ ಬದಲು 35 ಮಿ.ಮೀ. ಎಫ್/1.8 ಲೆನ್ಸ್ ಹಾಕಿದರೆ ಸುಮಾರು ನಾಲ್ಕು ಪಟ್ಟು ಬೆಳಕು ಬರುತ್ತದೆ. ನಿಕಾನ್ ಲೆನ್ಸುಗಳಲ್ಲಿ ಅಗ್ಗದವುಗಳ ಸಾಲಿನದು, ಶಾಲೆಯ ಕಾರ್ಯಕ್ರಮಕ್ಕೂ ಅದೇ ಆಗುತ್ತದೆ. ಹಿರೇಬೆಣಕಲ್ಲಿನಲ್ಲಿ ಮಾತ್ರ ಎರಡೂ ನಡೆಯುತ್ತವೆ. ಕಲ್ಲುಮನೆಯ ಒಳಗತ್ತಲು, ಹೊರಗೆ ಸುಡುಬಿಸಿಲು. ಯಾವ ಕ್ಯಾಮೆರಾ ಆದರೂ ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ, ನೆರಳನ್ನು ಆಮೇಲೆ ಎತ್ತಬಹುದು. ಪಿ950ರಲ್ಲಿ ರಾ ಇದೆ, ಹಳೆಯ ಪಿ900ರಲ್ಲಿ ಇಲ್ಲ.

ನಿಮ್ಮ ಪಟ್ಟಿಯಲ್ಲಿ ಕರಡಿಯೂ ಜಾತ್ರೆಯೂ ಸಂಜೆಯ ಕೆಲಸ. ಆದ್ದರಿಂದ ನಮ್ಮ ಮಾತು ಡಿಎಸ್‌ಎಲ್‌ಆರ್ ಕಡೆಗೆ. ಹಕ್ಕಿಯೇ ಮುಖ್ಯ, ಉಳಿದದ್ದು ಆದರೆ ಆಯಿತು ಎನ್ನುವುದಾದರೆ ಯೋಚಿಸದೆ ಪಿ950 ಕೊಳ್ಳಿ, ಜೊತೆಗೆ ಇನ್ನೆರಡು ಬ್ಯಾಟರಿ ಇಟ್ಟುಕೊಳ್ಳಿ. ಒಂದು ಚಾರ್ಜಿಗೆ ಕಂಪನಿ ಹೇಳುವುದೇ ಸುಮಾರು 290 ಚಿತ್ರ.

ಪ್ರಶ್ನೆ: ಲೆನ್ಸ್ ಬದಲಿಸಿದರೆ ನಮ್ಮ ಧೂಳಿನಲ್ಲಿ ಸೆನ್ಸರ್ ಹಾಳಾಗುತ್ತದೆ, ಅದಕ್ಕೇ ಲೆನ್ಸ್ ಬಿಚ್ಚದ ಕ್ಯಾಮೆರಾ ಒಳ್ಳೆಯದು ಅನ್ನುತ್ತಾರೆ. ನಿಜವೇ?
— ಓದುಗರು, ಸಿಂಧನೂರು

ಉತ್ತರ: ಅರ್ಧ ನಿಜ. ಲೆನ್ಸ್ ಬಿಚ್ಚದ ಕ್ಯಾಮೆರಾದ ಒಳಗೂ ಧೂಳು ಹೋಗುತ್ತದೆ. ಜೂಮ್ ಮಾಡಿದಾಗ ಹೊರಚಾಚಿ ಒಳಹೋಗುವ ಕೊಳವೆ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಎರೆಮಣ್ಣಿನ ಪುಡಿಯೂ ಒಳಸೇರುತ್ತದೆ. ಲೆನ್ಸ್ ಬಿಚ್ಚದ ಕ್ಯಾಮೆರಾದಲ್ಲಿ ಹಾಗೆ ಒಳಸೇರಿದ ಧೂಳನ್ನು ಸರ್ವಿಸ್ ಸೆಂಟರಿನವರು ಇಡೀ ಲೆನ್ಸ್ ಬಿಚ್ಚಿಯೇ ತೆಗೆಯಬೇಕು. ಮರಳಿನ ಕಣ ಕೊಳವೆಯ ಸಂದಿಗೆ ಸಿಕ್ಕಿದರೆ ಲೆನ್ಸ್ ಅರ್ಧಕ್ಕೇ ನಿಂತು ಎರರ್ ತೋರಿಸುತ್ತದೆ. ಕೈಯಿಂದ ಒತ್ತಿ ತಳ್ಳಬೇಡಿ, ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ.

ಡಿಎಸ್‌ಎಲ್‌ಆರ್‌ನಲ್ಲಿ ಧೂಳು ಬೇಗ ಸೇರುತ್ತದೆ, ಆದರೆ ನೀವೇ ತೆಗೆಯಬಹುದು. ಎಫ್/16ರಲ್ಲಿ ಬರೀ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಮಸುಕು ಚುಕ್ಕೆಗಳಿದ್ದರೆ ಅವೇ ಧೂಳು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕನ್ನಡಿ ಎತ್ತುವ ಆಯ್ಕೆ ಒತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋಯರಿನಿಂದ ನಾಲ್ಕೈದು ಸಲ ಊದಿ. ಬ್ಲೋಯರಿನ ತುದಿ ಒಳಗೆ ಹೋಗಬಾರದು. ಬಾಯಿಂದ ಊದಿದರೆ ಎಂಜಲಿನ ಹನಿ ಸೆನ್ಸರಿನ ಮೇಲಿನ ಗಾಜಿಗೆ ಅಂಟುತ್ತದೆ, ಆಮೇಲೆ ಒದ್ದೆ ಸ್ವಾಬ್ ಇಲ್ಲದೆ ಬಿಡುವುದಿಲ್ಲ. ಹೊಲದಲ್ಲಿ ಲೆನ್ಸ್ ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ ನಿಂತು, ಕ್ಯಾಮೆರಾ ಆಫ್ ಮಾಡಿ ಬದಲಿಸಿ.

ಪ್ರಶ್ನೆ: ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಈಗ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಾಲ ಎನ್ನುತ್ತಾರೆ. ಹಳೆಯದನ್ನು ಕೊಂಡರೆ ಹಣ ನೀರುಪಾಲೇ? ಕೊಳ್ಳುವಾಗ ಏನು ನೋಡಬೇಕು?
— ಓದುಗರು, ಬಳ್ಳಾರಿ

ಉತ್ತರ: ಕಂಪನಿಗಳ ಹೊಸ ಕೆಲಸವೆಲ್ಲ ಮಿರರ್‌ಲೆಸ್ ಕಡೆಗಿದೆ, ನಿಜ. ಆದರೆ ಲೆನ್ಸಿಗೆ ಹಾಕಿದ ಹಣ ಉಳಿಯುತ್ತದೆ. ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್ ಸರಣಿಯಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನಲ್ಲಿ ಎಎಫ್-ಎಸ್, ಎಎಫ್-ಪಿ ಲೆನ್ಸುಗಳು ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ನಡೆಯುತ್ತವೆ. ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಅಲ್ಲಿ ಆಟೋಫೋಕಸ್ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ನಿಕಾನ್‌ನಲ್ಲಿ ಜನ ಮೋಸಹೋಗುವುದು ಇಲ್ಲೇ. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, ಮೋಟಾರ್ ಇಲ್ಲದ 70-300 ಹಾಕಿದರೆ ಕೈಯಿಂದಲೇ ತಿರುಗಿಸಬೇಕು. ಎಎಫ್-ಪಿ 70-300 ಆದರೆ ಡಿ3100, ಡಿ3200, ಡಿ5100ರಂಥ ಹಳೆಯ ಬಾಡಿಗಳಲ್ಲಿ ಫೋಕಸೇ ಆಗುವುದಿಲ್ಲ. ಡಿ5600ರಲ್ಲಿ ಚೆನ್ನಾಗಿ ಓಡುತ್ತದೆ. ಆ ಲೆನ್ಸ್ ವಿಆರ್ (ಕೈನಡುಕ ತಗ್ಗಿಸುವ ವ್ಯವಸ್ಥೆ) ಇರುವುದೂ ಬರುತ್ತದೆ, ಇಲ್ಲದ್ದೂ ಬರುತ್ತದೆ. ಕೈಯಲ್ಲಿ ಹಿಡಿದು 300 ಮಿ.ಮೀ.ನಲ್ಲಿ ತೆಗೆಯುವವರು ವಿಆರ್ ಎಂದು ಬರೆದದ್ದನ್ನೇ ಕೊಳ್ಳಿ.

ಅಂಗಡಿಯಲ್ಲಿ ನಿಂತೇ ಒಂದು ಚಿತ್ರ ತೆಗೆದು, ಆ ಕಡತದಿಂದ ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿ. ನಿಕಾನ್ ಕಡತಗಳಲ್ಲಿ ಆ ಸಂಖ್ಯೆ ಇರುತ್ತದೆ, ಕ್ಯಾನನ್‌ನ ಹೆಚ್ಚಿನ ಕಡತಗಳಲ್ಲಿ ಇರುವುದಿಲ್ಲ. ಲೆನ್ಸನ್ನು ಪೂರ್ತಿ ತೆರೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಧೂಳಿನ ಒಂದೆರಡು ಕಣವಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಗೆರೆ ಕಂಡರೆ ಅದು ಬೂಷ್ಟು. ಗಾಜಿನ ಲೇಪವನ್ನೇ ತಿನ್ನುತ್ತದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.