ವ್ಯಾಪಾರ ಮೊದಲೋ, ದೇವರು ಮೊದಲೋ?

ಪ್ರಶ್ನೆ: ಮೇಷ್ಟ್ರೇ, ‘ಆಫ್ರಿಕಾದ ಹಳೆಯ ರಾಜ್ಯಗಳು ವ್ಯಾಪಾರ ಮತ್ತು ಧರ್ಮದಿಂದ ಬೆಳೆದವು’ ಅಂತ ಮಗಳ ನೋಟ್ಸಿನಲ್ಲಿ ಒಂದೇ ಸಾಲಿದೆ. ‘ಹೇಗಪ್ಪಾ?’ ಅಂದಳು. ನನಗೆ ಈಜಿಪ್ಟ್ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಯಾವುದಾದರೂ ಒಂದು ರಾಜ್ಯ ಹಿಡಿದು ಹೇಳ್ತೀರಾ? ಎರಡರಲ್ಲಿ ಮೊದಲು ಬಂದದ್ದು ಯಾವುದು?
– ಓದುಗರೊಬ್ಬರು, ಪುತ್ತೂರು

ಉತ್ತರ: ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಈ ಸಾಲನ್ನು ಬೋರ್ಡಿನ ಮೇಲೆ ಬರೆದು, ಬೆಲ್ ಹೊಡೆಯಿತು ಅಂತ ಡಸ್ಟರ್ ಎತ್ತಿಕೊಂಡು ಹೊರಟವನೂ ಹೌದು. ಆ ಸಾಲಿನ ಸಾಲ ಈಗ ತೀರಿಸುತ್ತೇನೆ.

ಅಕ್ಸುಮ್ ಹಿಡಿಯೋಣ. ಇಂದಿನ ಇಥಿಯೋಪಿಯಾದ ಉತ್ತರಕ್ಕೆ, ಟಿಗ್ರೇ ಗುಡ್ಡಗಾಡಿನ ಊರು. ಅದರ ಬಂದರು ಅದೂಲಿಸ್ ಕೆಂಪು ಸಮುದ್ರದ ಕಡೆ, ಈಗಿನ ಎರಿಟ್ರಿಯಾದಲ್ಲಿ. 1ನೇ ಶತಮಾನದಲ್ಲಿ ಗ್ರೀಕ್ ಬಲ್ಲ ವ್ಯಾಪಾರಿಯೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯ ಪ್ರಕಾರ ಬಂದರಿನಿಂದ ಅಕ್ಸುಮ್‌ಗೆ ಎಂಟು ದಿನದ ದಾರಿ. ನೈಲ್ ನದಿಯಾಚೆಯ ಆನೆದಂತ ಅಕ್ಸುಮ್‌ಗೆ ಬಂದು, ಅಲ್ಲಿಂದ ಬಂದರಿಗೆ ಇಳಿಯುತ್ತಿತ್ತು. ಎದುರಿನಿಂದ ಹತ್ತಿಬಟ್ಟೆ, ಕಬ್ಬಿಣ, ಉಕ್ಕು ಬರುತ್ತಿದ್ದವು, ಅದೂ ನಮ್ಮ ಭಾರತದ್ದು. ಅಕ್ಸುಮ್ ಸೀಮೆಯ ರಾಜ ಜೋಸ್ಕಲೀಸ್ ಜಿಪುಣ, ಆದರೆ ಗ್ರೀಕ್ ಓದುಬರಹ ಬಲ್ಲವನು ಅಂತ ಆ ಪುಣ್ಯಾತ್ಮ ಬರೆದಿದ್ದಾನೆ. ಚೌಕಾಸಿಯಲ್ಲಿ ಸೋತಿದ್ದನೋ ಏನೋ!

ಚಿನ್ನದ ವ್ಯಾಪಾರವಂತೂ ಬಲು ಮಜಾ. 6ನೇ ಶತಮಾನದಲ್ಲಿ ಅದೂಲಿಸ್‌ಗೆ ಬಂದಿದ್ದ ಕಾಸ್ಮಸ್ ಎಂಬ ವ್ಯಾಪಾರಿ ಅದನ್ನು ವಿವರವಾಗಿ ಬರೆದಿದ್ದಾನೆ. ಐನೂರಕ್ಕೂ ಜಾಸ್ತಿ ಜನ ಎತ್ತು ಹೊಡೆದುಕೊಂಡು, ಉಪ್ಪು, ಕಬ್ಬಿಣ ತೆಗೆದುಕೊಂಡು ಸಾಸು ಎಂಬ ನಾಡಿಗೆ ಹೋಗುತ್ತಿದ್ದರು. ಹೋಗಿಬರಲು ಆರು ತಿಂಗಳು. ಅಲ್ಲಿ ಮುಳ್ಳುಬೇಲಿ ಹಾಕಿ, ಎತ್ತು ಕಡಿದು, ಮಾಂಸದ ತುಂಡು, ಉಪ್ಪಿನ ಹೆಂಟೆ, ಕಬ್ಬಿಣ ಎಲ್ಲವನ್ನೂ ಬೇಲಿಯ ಮೇಲೆ ಇಡುವುದು. ಸ್ಥಳೀಯರು ಬಂದು, ಬೇಕಾದ ತುಂಡಿನ ಮೇಲೆ ಕಾಳಿನಂಥ ಚಿನ್ನದ ಗಟ್ಟಿ ಒಂದೋ ಎರಡೋ ಇಟ್ಟು ದೂರ ನಿಲ್ಲುವುದು. ವ್ಯಾಪಾರಿಗೆ ಒಪ್ಪಿಗೆಯಾದರೆ ಚಿನ್ನ ಎತ್ತಿಕೊಳ್ಳುತ್ತಾನೆ. ಸಾಲದು ಅನ್ನಿಸಿದರೆ ಮುಟ್ಟುವುದಿಲ್ಲ. ಆಗ ಚಿನ್ನ ಇಟ್ಟವನು ಇನ್ನೊಂದು ಕಾಳು ಸೇರಿಸಬೇಕು, ಇಲ್ಲ ತನ್ನ ಚಿನ್ನ ವಾಪಸ್ ಒಯ್ಯಬೇಕು. ಭಾಷೆ ಬರದಿದ್ದರೂ ಚೌಕಾಸಿ ನಡೆಯಿತು, ಅಲ್ವಾ?

ಚಿನ್ನ ಇದ್ದ ಮೇಲೆ ನಾಣ್ಯ ಬೇಕು. 3ನೇ ಶತಮಾನದ ಕೊನೆಗೆ ಎಂಡುಬಿಸ್ ಎಂಬ ರಾಜ ಟಂಕಿಸಲು ಶುರು ಮಾಡಿದ. ಆ ಕಾಲದ ಧರ್ಮಬೋಧಕ ಮಾನಿಯ ಹೆಸರಿನಲ್ಲಿ ಉಳಿದಿರುವ ಮಾತಿನಲ್ಲಿ ಜಗತ್ತಿನ ನಾಲ್ಕು ದೊಡ್ಡ ರಾಜ್ಯಗಳ ಪೈಕಿ ಅಕ್ಸುಮ್ ಒಂದು.

ನನಗೆ ನಾಣ್ಯದ ಹುಚ್ಚು. ಎಜಾನಾ ರಾಜನ ಎರಡು ಚಿನ್ನದ ನಾಣ್ಯಗಳ ಫೋಟೋ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದೇನೆ. ಎರಡೂ ಬೆರಳುಗುರಿನಷ್ಟೇ. ರಾಜನ ಮುಖದ ಎರಡೂ ಪಕ್ಕ ಒಂದೊಂದು ತೆನೆ. ಒಂದರಲ್ಲಿ ತಲೆಯ ಮೇಲೆ ಬಿಲ್ಲೆ, ಅರ್ಧಚಂದ್ರ. ಇನ್ನೊಂದರಲ್ಲಿ ಅದು ಮಾಯ, ಆ ಜಾಗದಲ್ಲಿ ಶಿಲುಬೆ. ಮೊದಲು ಮಹ್ರೆಮ್ ದೇವರ ಮಗ ಅಂತ ಕಲ್ಲಿನಲ್ಲಿ ಕೆತ್ತಿಸಿಕೊಂಡವನು, ಮುಂದೆ ‘ಆಕಾಶದ ಒಡೆಯ ಗೆಲುವು ಕೊಟ್ಟ’ ಅನ್ನತೊಡಗಿದ. 4ನೇ ಶತಮಾನದ ಮಾತು ಇದು. ಜಗತ್ತಿನಲ್ಲೇ ಮೊದಮೊದಲು ನಾಣ್ಯಕ್ಕೆ ಶಿಲುಬೆ ಹಾಕಿಸಿದವರಲ್ಲಿ ಅವನೂ ಒಬ್ಬ.

ಧರ್ಮ ಬಂದದ್ದು ಹಡಗಿನಲ್ಲಿ. ಈಗಿನ ಲೆಬನಾನಿನ ಟೈರ್ ಊರಿನ ಇಬ್ಬರು ಹುಡುಗರು, ಫ್ರುಮೆಂಟಿಯಸ್ ಮತ್ತು ಏಡೀಸಿಯಸ್, ಹೋಗುತ್ತಿದ್ದ ಹಡಗಿನ ಮೇಲೆ ದಾಳಿಯಾಯಿತು. ಉಳಿದವರು ಸತ್ತರು, ಇವರು ಅಕ್ಸುಮ್ ಅರಮನೆ ಸೇರಿದರು. ಫ್ರುಮೆಂಟಿಯಸ್ ಲೆಕ್ಕಪತ್ರ ನೋಡಿಕೊಂಡ. ರಾಜ ತೀರಿಕೊಂಡು, ಮಗ ಚಿಕ್ಕವನಿದ್ದಾಗ ಆಡಳಿತಕ್ಕೂ ಕೈಜೋಡಿಸಿದ. ಆಗ ಅವನು ಮಾಡಿದ ಕೆಲಸ ನೋಡಿ: ಬಂದುಹೋಗುವ ರೋಮನ್ ವ್ಯಾಪಾರಿಗಳಲ್ಲಿ ಕ್ರೈಸ್ತರು ಯಾರಿದ್ದಾರೆ ಅಂತ ಹುಡುಕಿ, ‘ಪ್ರಾರ್ಥನೆಗೆ ಜಾಗ ಕಟ್ಟಿಕೊಳ್ಳಿ’ ಅಂತ ನೆರವು ಕೊಟ್ಟ. ಆಮೇಲೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಚರ್ಚಿನ ಮುಖ್ಯಸ್ಥ ಅಥನೇಸಿಯಸ್ ಅವನನ್ನೇ ಬಿಷಪ್ ಮಾಡಿ ಕಳಿಸಿದ.

ಹಾಗಾಗಿ ಮಗಳಿಗೆ ಹೇಳಿ: ಇಲ್ಲಿ ವ್ಯಾಪಾರವೇ ಮೊದಲು. ರಾಜ ಬರೀ ವ್ಯಾಪಾರದ ಲಾಭಕ್ಕೆ ಧರ್ಮ ಬದಲಿಸಿದ ಅಂತ ಸುಮ್ನೆ ಹೇಳಿಬಿಡುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. 7ನೇ ಶತಮಾನದ ಹೊತ್ತಿಗೆ ಬಂದರು ಸೊರಗಿತು, ನಾಣ್ಯವೂ ನಿಂತಿತು. ಆದರೆ ಅಲ್ಲಿನ ಹಳೆಯ ಗೀಜ್ ಭಾಷೆಯಲ್ಲಿ ಇಥಿಯೋಪಿಯಾದ ಚರ್ಚುಗಳಲ್ಲಿ ಇವತ್ತಿಗೂ ಪೂಜೆ ನಡೆಯುತ್ತಿದೆ. ಲಾಭಕ್ಕೆ ಕಟ್ಟಿಕೊಂಡದ್ದು ಇಷ್ಟು ದಿನ ಬಾಳುತ್ತದೆಯೇ?

ಪುತ್ತೂರಿನವರು ಅಂತ ಇನ್ನೊಂದು ಮಾತು. ಅದೇ ಕಾಸ್ಮಸ್ ನಮ್ಮ ಪಶ್ಚಿಮ ಕರಾವಳಿಯಲ್ಲಿ ಮೆಣಸು ತುಂಬುವ ಐದು ಬಂದರುಗಳನ್ನು ಹೆಸರಿಸುತ್ತಾನೆ. ಅದರಲ್ಲಿ ಒಂದು ‘ಮಂಗರೂತ್’. ಅದು ಮಂಗಳೂರೇ ಅನ್ನುತ್ತಾರೆ ವಿದ್ವಾಂಸರು.